ನಿಂಬೆಗಿಡಕ್ಕೆ ಬಿದ್ದ ಕತ್ತರಿ

ಹಕ್ಕಿಗಳೆಂದರೆ ನನಗೆ ಪ್ರಾಣ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. ಈ ಉರಿ ಬಂದದ್ದು ಒಂದು ಬೇಸಿಗೆಯಲ್ಲಿ, ನಮ್ಮ ಹಿತ್ತಲಿನ ನಿಂಬೆಗಿಡದ ಕಾರಣಕ್ಕೆ. ಕಾಲ ಕಳೆದರೆ ಎಲ್ಲ ಮರೆತುಹೋಗುತ್ತದೆ ಎಂದು ಬಲ್ಲವರು ಹೇಳಿದರು. ನನಗೆ ಮರೆತುಹೋಗಿಲ್ಲ. ಮರೆಯುವ ಇಷ್ಟವೂ ಇಲ್ಲ.

ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ಕೋಟೆ ಬೆಟ್ಟದ ಬುಡದ ಓಣಿಯೊಂದರಲ್ಲಿ ನಮ್ಮ ಮನೆ. ನಾನು ಮದುವೆಯಾಗಿ ಮಡಕಶಿರದಿಂದ ಬಂದವಳು. ಬೊಮ್ಮನಹಾಳ್ ಕಡೆಯ ಒಂದು ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ನನ್ನ ಗಂಡನದು ಬಜಾರಿನಲ್ಲಿ ಬಟ್ಟೆ ಅಂಗಡಿ. ವರ್ಷವಿಡೀ ನಡೆಯುವ ಚಿಲ್ಲರೆ ವ್ಯಾಪಾರಕ್ಕಿಂತ ಬೇಸಿಗೆ ರಜೆಯಲ್ಲಿ ಶಾಲೆಗಳಿಗೆ ಯೂನಿಫಾರಂ ಹೊಲಿಸಿಕೊಡುವುದೇ ಅವರ ಮುಖ್ಯ ಕಸುಬು. ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ ಇದ್ದಾರೆ. ಹಿತ್ತಲೆಂದರೆ ದೊಡ್ಡದೇನಲ್ಲ, ಒಂದು ನಿಂಬೆ, ಒಂದು ಕರಿಬೇವು, ಎರಡು ದಾಸವಾಳ, ಪಾತ್ರೆ ತೊಳೆದ ನೀರು ಹರಿದುಹೋಗುವ ಕಡೆ ಬಾಳೆ, ನಡುವೆ ಬಟ್ಟೆ ಒಗೆಯುವ ಕಲ್ಲು. ಪಕ್ಕದ ಸಂದಿಗೆ ತೆರೆಯುವ ತಗಡಿನ ಗೇಟು. ಅಷ್ಟೇ. ಆದರೆ ಬಿರುಬಿಸಿಲಿನ ಆ ಓಣಿಯಲ್ಲಿ ಅಷ್ಟು ಹಸಿರು ಇರುವುದು ನಮ್ಮಲ್ಲೇ. ಹಾಗಾಗಿ ಹಕ್ಕಿಗಳು ಬರುತ್ತವೆ.

ಆ ವರ್ಷ ಬಂದದ್ದು ಪಿಗಿಲಿ. ಪುಸ್ತಕದ ಕನ್ನಡದಲ್ಲಿ ಪಿಕಳಾರ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ತೆಲುಗಿನ ಹೆಸರೇ ನಿಂತುಬಿಟ್ಟಿದೆ. ಕಪ್ಪು ತಲೆ, ಅದರ ಮೇಲೆ ಸ್ವಲ್ಪ ಕೆದರಿದ ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಮೆತ್ತಿದಂಥ ಕೆಂಪು. ಮಾರ್ಚಿನಲ್ಲಿ ಒಂಟಿಪೂಟ ಬಡಿ, ಅಂದರೆ ಬೆಳಗಿನ ಹೊತ್ತು ಮಾತ್ರ ಶಾಲೆ, ಶುರುವಾದ ಮೇಲೆ ನಾನು ಮಧ್ಯಾಹ್ನಕ್ಕೆಲ್ಲ ಮನೆಗೆ ಬರುತ್ತಿದ್ದೆ. ಊಟ ಮಾಡುತ್ತ ಅಡುಗೆಮನೆ ಕಿಟಕಿಯಿಂದ ನೋಡಿದರೆ ಜೋಡಿಯೊಂದು ನಿಂಬೆಗಿಡಕ್ಕೆ ಹೋಗಿ ಬಂದು ಮಾಡುತ್ತಿತ್ತು. ಒಂದರ ಬಾಯಲ್ಲಿ ಒಣಹುಲ್ಲು, ಇನ್ನೊಂದರ ಬಾಯಲ್ಲಿ ಜೇಡರಬಲೆ. ಗಿಡದ ಒಳಗೆ, ಮುಳ್ಳು ಹೆಚ್ಚಿರುವ ಕವಲಿನಲ್ಲಿ, ಚಹಾ ಬಟ್ಟಲಿನಷ್ಟು ದೊಡ್ಡ ಗೂಡು ಕಟ್ಟಿದವು. ಮೇಲೆ ಎಲೆಗಳ ಕೊಡೆ. ಪಶ್ಚಿಮದ ಬಿಸಿಲು ಒಂದು ಚೂರೂ ಬೀಳದ ಜಾಗ. ಅಷ್ಟು ಸರಿಯಾಗಿ ಜಾಗ ಹುಡುಕಿದ ಹಕ್ಕಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ.

ಅತ್ತೆ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ಮುಂದಿನ ಅಂಗಳಕ್ಕೆ ಕಟ್ಟಿದರು. ನಾವು ಯಾರೂ ಗಿಡದ ಹತ್ತಿರ ಹೋಗುತ್ತಿರಲಿಲ್ಲ. ನಿಂಬೆಹಣ್ಣು ಬೇಕಾದರೆ ಅಂಗಡಿಯಿಂದ ತರುತ್ತಿದ್ದೆವು. ಅದೂ ನಿಂಬೆಯ ಬೆಲೆ ಏರುವ ಬೇಸಿಗೆಯಲ್ಲಿ. ಮೊಟ್ಟೆಗಳ ಮೇಲೆ ಹಕ್ಕಿ ಅಲುಗಾಡದೆ ಕೂತಿರುತ್ತಿದ್ದಾಗ ಅದರ ಬಾಲ ಮಾತ್ರ ನಮಗೆ ಕಾಣುತ್ತಿತ್ತು. ಮರಿಗಳಾದದ್ದು ಗೊತ್ತಾದದ್ದು ಗಂಡು ಹಕ್ಕಿಯೋ ಹೆಣ್ಣು ಹಕ್ಕಿಯೋ ಬಾಯಲ್ಲಿ ಹಸಿರು ಹುಳ ಹಿಡಿದು ಬಂದು, ಹಿಂದಿರುಗುವಾಗ ಮರಿಯ ಹಿಕ್ಕೆಯನ್ನು ಬಿಳಿ ಉಂಡೆಯ ಹಾಗೆ ಕಚ್ಚಿಕೊಂಡು ಹೋದಾಗ. ಗೂಡು ಹೊಲಸಾಗಬಾರದೆಂದು ಎಷ್ಟು ದೂರ ಒಯ್ದು ಎಸೆಯುತ್ತಿದ್ದವು. ನನ್ನ ಗಂಡನಿಗೂ ಇದೊಂದು ಹುಚ್ಚು ಹತ್ತಿತು. ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯ ಬಳಿಯೇ ನಿಂತುಬಿಡುತ್ತಿದ್ದರು. ಅಂಗಡಿಗೆ ಬಂದವರಿಗೆಲ್ಲ, ನಮ್ಮ ಹಿತ್ತಲಾಗ ಪಿಗಿಲಿ ಮರಿ ಮಾಡೈತಿ ಎಂದು ಹೇಳಿದರು. ಹೇಳಬಾರದವನಿಗೂ ಹೇಳಿದರು.

ಆತ ಊರಿನ ಒಂದು ಖಾಸಗಿ ಶಾಲೆಯ ಮಾಲೀಕ. ನಮ್ಮ ಕಡೆ ಅಂಥವರನ್ನು ಕರೆಸ್ಪಾಂಡೆಂಟ್ ಅನ್ನುತ್ತಾರೆ. ನಮ್ಮ ಅಂಗಡಿಗೆ ಆತನ ಶಾಲೆಯದೇ ದೊಡ್ಡ ಆರ್ಡರು. ಮೊಳಕೈಯುದ್ದದ ಲೆನ್ಸಿನ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಭಾನುವಾರಗಳಲ್ಲಿ ಕೆರೆ, ಗುಡ್ಡ ಸುತ್ತುತ್ತಿದ್ದ. ಊರಿನವರಿಗೆ ಆತ ಪಕ್ಷಿಪ್ರೇಮಿ. ಸಭೆಗಳಲ್ಲಿ ಪ್ರಕೃತಿಯ ಮೇಲೆ ತೆಲುಗಿನಲ್ಲಿ ಚೆನ್ನಾಗಿ ಮಾತಾಡುತ್ತಿದ್ದ.

ಬೇಸಿಗೆ ರಜೆ ಕೊಟ್ಟ ವಾರವೇ ಆತ ನಮ್ಮ ಮನೆಗೆ ಬಂದ. ನಾನು ಮನೆಯಲ್ಲಿದ್ದೆ. ಕಿಟಕಿಯಿಂದ ನೋಡಿ ಎಂದೆ. ಸ್ವಲ್ಪ ಹೊತ್ತು ನೋಡಿ, ಎಲೆ ಅಡ್ಡ ಬರುತ್ತಿದೆ, ಒಂದೆರಡು ಕೊಂಬೆ ತೆಗೆದರೆ ಒಳ್ಳೆಯ ಫ್ರೇಮು ಸಿಗುತ್ತದೆ ಎಂದ. ಬೇಡ ಎಂದೆ. ಮತ್ತೆ ಚಿಗುರುತ್ತದಲ್ಲ ಮೇಡಂ ಎಂದ. ಮರಿ ಹಾರಿಹೋಗುವ ತನಕ ಆ ಗಿಡದ ಒಂದು ಎಲೆಯನ್ನೂ ಮುಟ್ಟುವ ಹಾಗಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಆತ ನಕ್ಕ. ಕಾಫಿ ಕುಡಿದ. ಹೋದ.

ಅದಾದ ಮೇಲೆ ಮಡಕಶಿರದಲ್ಲಿ ತಂಗಿಯ ಮಗುವಿಗೆ ಹೆಸರಿಡುವ ಶಾಸ್ತ್ರ. ನಾನು ಹೋದೆ. ಹಿಪ್ಪುನೇರಳೆ ಸೊಪ್ಪಿನ ವಾಸನೆ ತುಂಬಿದ ತಂಗಿಯ ಮನೆಯಲ್ಲಿ ಶಾಸ್ತ್ರ ಮುಗಿಸಿ ಕೂತಿದ್ದಾಗ ಸಂಜೆ ಗಂಡನ ಫೋನು ಬಂತು. ಕರೆಸ್ಪಾಂಡೆಂಟ್ ಸಾರು ಬೆಳಿಗ್ಗೆ ಬಂದಿದ್ದರು, ಭಾರಿ ಒಳ್ಳೆ ಫೋಟೋ ಸಿಕ್ಕಿದೆಯಂತೆ ಎಂದರು. ಗಿಡ ಮುಟ್ಟಿದರಾ ಎಂದು ಕೇಳಿದೆ. "ಏನಿಲ್ಲ, ಒಂದೆರಡು ಎಲಿ ಅಷ್ಟಾ," ಎಂದರು. ಗಿಡಕ್ಕೆ ಕೈ ಹಾಕಿದ್ದಾರೆಂದು ಆ ಮಾತಿನಲ್ಲೇ ನನಗೆ ಗೊತ್ತಾಯಿತು. ಇನ್ನೆರಡು ದಿನ ಇರಬೇಕಾಗಿದ್ದವಳು ಮರುದಿನ ಮೊದಲ ಬಸ್ಸಿಗೇ ಪಾವಗಡಕ್ಕೆ ಹೊರಟೆ. ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತ ಬಂದೆ. ಆತ ಏನೇನು ಮಾಡಿದ್ದಾನೆಂದು ಇನ್ನೂ ಗೊತ್ತಿರಲಿಲ್ಲ.

ಮನೆಗೆ ಬಂದು ಹಿತ್ತಲ ಬಾಗಿಲು ತೆಗೆದರೆ ಅತ್ತೆ ನಿಂಬೆಗಿಡದ ಪಕ್ಕದಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಬಿಸಿಲಲ್ಲಿ ಕೂತಿದ್ದರು. ಕೈಯಲ್ಲಿ ಕೋಲು. ಗಿಡದ ಒಂದು ಪಕ್ಕವೇ ಇರಲಿಲ್ಲ. ಕತ್ತರಿಸಿದ ಕೊಂಬೆಗಳು ಗೋಡೆಯ ಮೂಲೆಯಲ್ಲಿ ಬಾಡಿ ಬಿದ್ದಿದ್ದವು. ಉಳಿದ ಒಂದು ಕೊಂಬೆಯನ್ನು ತಂತಿಯಿಂದ ಹಿಂದಕ್ಕೆ ಎಳೆದು ಕರಿಬೇವಿನ ಗಿಡಕ್ಕೆ ಕಟ್ಟಿದ್ದ. ಬಿಚ್ಚುವ ವ್ಯವಧಾನವೂ ಆತನಿಗೆ ಇರಲಿಲ್ಲ. ಎಲೆಯ ಮರೆಯಲ್ಲಿದ್ದ ಗೂಡು ಈಗ ಅಂಗೈ ಮೇಲೆ ಇಟ್ಟ ಹಾಗೆ ಬಯಲಿಗೆ ಬಿದ್ದಿತ್ತು. ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಒದ್ದೆ ಮಾಡಿ ಅದರ ಮೇಲೆ ಚಪ್ಪರದ ಹಾಗೆ ಹರವಿದ್ದರು. ಮೂರು ಮರಿಗಳಿದ್ದ ಗೂಡಿನಲ್ಲಿ ಒಂದೇ ಇತ್ತು. ಮೈಮೇಲೆ ಗರಿ ಇನ್ನೂ ಸೂಜಿಗಳ ಹಾಗೆ ಮೊಳೆಯುತ್ತಿದ್ದವು. ಬಾಯಿ ತೆರೆದು ಏದುತ್ತಿತ್ತು.

ಏನಾಯಿತೆಂದು ಅತ್ತೆ ಹೇಳಿದರು. ಹಿಂದಿನ ದಿನ ಬೆಳಿಗ್ಗೆ ಆತನನ್ನು ಹಿತ್ತಲಿಗೆ ಕರೆದುಕೊಂಡು ಬಂದದ್ದು ನನ್ನ ಗಂಡನೇ. ಮನೆಯಾಕೆ ಬೇಡವೆಂದಿದ್ದಾಳೆ ಎಂದು ಮೆಲ್ಲಗೆ ಹೇಳಿದರಂತೆ. ಎರಡು ಎಲೆ ತಾನೇ, ನೀವು ಹೋಗಿ ಅಂಗಡಿ ತೆಗೆಯಿರಿ, ನಾನು ನೋಡಿಕೊಳ್ಳುತ್ತೇನೆ ಎಂದು ಆತ ಹೇಳಿದನಂತೆ. ಇವರು ಹೋದರು. ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದಾಗ ಕತ್ತರಿಯ ಸದ್ದು ಕೇಳಿ ಎದ್ದು ಬಂದರೆ ಹಿತ್ತಲ ಬಾಗಿಲು ತೆರೆಯಲಿಲ್ಲ.

"ಚಿಲಕ ಹೊರಗಿಂದ ಹಾಕಿದ್ದ," ಎಂದರು ಅತ್ತೆ. "ನಾ ಬಾಗ್ಲಾ ಬಡದೆ. ಒಳಗ ಇರ್ರಿ ಅಮ್ಮ, ಹಕ್ಕಿ ಬೆದರ್ತಾವ ಅಂದ. ನನ್ನ ಮನಿಯಾಗ ನನಗ ಹೇಳ್ತಾನ."

ಕಿಟಕಿಯಿಂದ ಅವರಿಗೆ ಆತನ ಬೆನ್ನು ಮಾತ್ರ ಕಂಡಿತು. ಗೋಡೆಯ ಮೇಲೆ ಎರಡೂ ಪಿಗಿಲಿಗಳು ಕೂತು ಕಿರುಚುತ್ತಿದ್ದವು. ಬಹಳ ಹೊತ್ತು ಯಾವುದೂ ಗೂಡಿಗೆ ಇಳಿಯಲಿಲ್ಲ. ಬಿಸಿಲು ಏರುತ್ತಿತ್ತು. ಕೊನೆಗೆ ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದು ಇಳಿದಾಗ ಆತನ ಕ್ಯಾಮರಾ ಟಕಟಕ ಎಂದಿತು. ಬಾಗಿಲು ಬಡಿದು ಬಡಿದು ಸಾಕಾಗಿ ಅತ್ತೆ ಮುಂಬಾಗಿಲಿನಿಂದ ಹೊರಟು, ಮಂಡಿನೋವಿನ ಕಾಲು ಎಳೆದುಕೊಂಡು, ಸಂದಿಯನ್ನು ಸುತ್ತಿ ಗೇಟಿನ ಬಳಿ ಬರುವಷ್ಟರಲ್ಲಿ ಆತ ಬೈಕು ಹತ್ತಿ ಹೋಗಿದ್ದ. ನೆರಳಿಲ್ಲದ ಮರಿಗಳು ಕೊರಳು ಜೋತುಬಿಟ್ಟಿದ್ದವು. ಒಂದು ಮಧ್ಯಾಹ್ನವೇ ಸತ್ತಿತು. ಇನ್ನೊಂದನ್ನು ಸಂಜೆ, ಅತ್ತೆ ನೀರು ಕುಡಿಯಲು ಒಳಗೆ ಹೋದಾಗ, ಕಾಗೆ ಒಯ್ದಿತು. ಅಷ್ಟು ದಿನ ಆ ಗೂಡು ಅಲ್ಲಿದೆಯೆಂದು ಯಾವ ಕಾಗೆಗೂ ತಿಳಿದಿರಲಿಲ್ಲ.

ನಾನು ಅಂಗಡಿಗೆ ಹೋಗಲಿಲ್ಲ. ಹೋಗಿದ್ದರೆ ಗಿರಾಕಿಗಳ ಮುಂದೆಯೇ ಜಗಳವಾಗುತ್ತಿತ್ತು. ಮೊದಲು ಆ ತಂತಿ ಬಿಚ್ಚಿದೆ. ಒದ್ದೆ ಸೀರೆಯ ಜಾಗಕ್ಕೆ ಗೋಣಿಚೀಲ ಕಟ್ಟಿದೆ. ಸಂದಿಯ ಕೊನೆಯಲ್ಲಿದ್ದ ಬಳ್ಳಾರಿ ಜಾಲಿಯ ಮುಳ್ಳುಕಂಟಿ ಕಡಿದು ತಂದು, ಪಿಗಿಲಿ ನುಸುಳುವಷ್ಟು ಸಂದು ಬಿಟ್ಟು, ಗೂಡಿನ ಸುತ್ತ ಸಿಕ್ಕಿಸಿದೆ. ಕೈಯೆಲ್ಲ ಗೀರಿತು. ತಾಯಿ ಹಕ್ಕಿ ಗೋಡೆಯ ಮೇಲಿಂದ ನೋಡುತ್ತಿತ್ತು. ಅದರ ಬಾಯಲ್ಲಿ ಹುಳ ಹಾಗೇ ಇತ್ತು. ಕೊಡಲೂ ಆರದು, ನುಂಗಲೂ ಆರದು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬಹಳ ಹೊತ್ತಿಗೆ ಅದು ಇಳಿಯಿತು.

ಗಂಡ ಊಟಕ್ಕೆ ಬಂದಾಗ ನಾನು ತಟ್ಟೆ ಇಡಲಿಲ್ಲ. ನಾನು ಬೇಡ ಎಂದದ್ದು ನಿಮಗೂ ಗೊತ್ತು, ಆತನಿಗೂ ಗೊತ್ತು, ಆದರೂ ಯಾಕೆ ಒಳಗೆ ಬಿಟ್ಟಿರಿ ಎಂದು ಕೇಳಿದೆ. ಅವರು ತಲೆ ತಗ್ಗಿಸಿಕೊಂಡೇ, ದೊಡ್ಡ ಮನುಷ್ಯ, ಮುಖದ ಮೇಲೆ ಹೊಡೆದ ಹಾಗೆ ಹೇಗೆ ಹೇಳಲಿ ಎಂದರು. ಅತ್ತೆಯನ್ನು ಒಳಗೆ ಹಾಕಿ ಚಿಲಕ ಹಾಕಿದ ಮಾತು ಎತ್ತಿದರೆ, "ಗಾಳಿಗಿ ಬಿದ್ದಿರಬೇಕು, ಅವರು ಅಂಥವ್ರಲ್ಲ," ಎಂದರು. ನನಗೆ ಆತನ ಮೇಲಿದ್ದ ಸಿಟ್ಟಿಗಿಂತ ಆ ಗಳಿಗೆಯಲ್ಲಿ ಇವರ ಮೇಲೆ ಹೆಚ್ಚು ಸಿಟ್ಟು ಬಂತು. ಹೆತ್ತ ತಾಯಿ ಹೇಳಿದ ಮಾತಿಗಿಂತ ಯೂನಿಫಾರಂ ಕೊಳ್ಳುವವನ ಮೇಲೆ ಹೆಚ್ಚು ನಂಬಿಕೆ. ಅತ್ತೆ ಎದ್ದು ಹಿತ್ತಲಿಗೆ ಹೋಗಿ ಕೋಲು ಹಿಡಿದು ಕೂತರು.

ಉಳಿದ ಒಂದು ಮರಿ ಬದುಕಿತು. ನಾವಿಬ್ಬರೂ ಹೆಂಗಸರು ಸರದಿಯಲ್ಲಿ ಕಾದೆವು. ಗರಿ ಬಂತು, ಗೂಡಿನ ಅಂಚಿಗೆ ಬಂದು ಕೂತಿತು, ಒಂದು ಬೆಳಿಗ್ಗೆ ಕರಿಬೇವಿಗೆ ಹಾರಲು ಹೋಗಿ ಬಾಳೆಯ ಬುಡಕ್ಕೆ ಬಿತ್ತು. ತಾಯಿ ತಂದೆ ಎರಡೂ ಅದರ ತಲೆಯ ಮೇಲೆ ಗದ್ದಲ ಮಾಡಿದವು. ಸಂಜೆಯ ಹೊತ್ತಿಗೆ ಹೇಗೋ ಗೋಡೆ ಹತ್ತಿ ಅವುಗಳ ಹಿಂದೆ ಹೋಯಿತು. ಸಂತೋಷವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಮೂರು ಹೋಗಬೇಕಾಗಿತ್ತು.

ಜೂನಿನಲ್ಲಿ ಶಾಲೆಗಳು ತೆರೆದ ವಾರ ಆತನ ಶಾಲೆಯಲ್ಲಿ ಫೋಟೋ ಪ್ರದರ್ಶನ. ಗಂಡ, ನಾನು ಇಬ್ಬರೂ ಬರಲೇಬೇಕೆಂದು ಹೇಳಿಕಳಿಸಿದ್ದ. ನಾನು ಹೋಗುವುದಿಲ್ಲವೆಂದೇ ಇದ್ದೆ. ಆಮೇಲೆ ಏನಿಟ್ಟಿದ್ದಾನೋ ನೋಡಿಯೇ ಬಿಡೋಣ ಎಂದು ಹೋದೆ. ಸಭಾಂಗಣದ ಬಾಗಿಲಲ್ಲೇ, ಬಾಗಿಲಿನಷ್ಟೇ ಎತ್ತರದ ಫೋಟೋ. ನಮ್ಮ ಗೂಡು. ಮೂರು ಕೆಂಪು ಬಾಯಿಗಳು, ಮೇಲೆ ಬಾಗಿದ ತಾಯಿ. ಪ್ರತಿ ಗರಿಯ ಮೇಲೂ ಬಿಸಿಲು. ಕೆಳಗೆ ತೆಲುಗಿನಲ್ಲಿ ದಪ್ಪ ಅಕ್ಷರ: ಅಮ್ಮ ಪ್ರೇಮ. ಮಕ್ಕಳ ತಾಯಂದಿರು ಅದರ ಮುಂದೆ ನಿಂತು ಫೋನಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಭೆಯಲ್ಲಿ ಆತ ಹಕ್ಕಿಯ ನಂಬಿಕೆ ಗಳಿಸಲು ಎಷ್ಟು ತಾಳ್ಮೆ ಬೇಕೆಂದು ವಿವರಿಸಿದ. ಕೊನೆಗೆ, ಈ ಗೂಡು ಇದ್ದದ್ದು ಈ ಮೇಡಂ ಮನೆಯಲ್ಲಿ, ಅವರು ಎರಡು ಮಾತು ಹೇಳುತ್ತಾರೆ ಎಂದು ಮೈಕನ್ನು ನನ್ನ ಕೈಗೇ ಕೊಟ್ಟ.

ರಾಯದುರ್ಗದಲ್ಲಿ ಸಭೆಯಲ್ಲಿ ಮಾತಾಡಬೇಕೆಂದರೆ ನಾನು ತೆಲುಗಿನಲ್ಲೇ ಮಾತಾಡುವವಳು. ಆ ದಿನ ಬಾಯಿಗೆ ಬಂದದ್ದು ನನ್ನ ಮಡಕಶಿರದ ಕನ್ನಡ.

"ಈ ಫೋಟೋದಾಗೆ ಮೂರು ಮರಿ ಅವೆ," ಎಂದೆ. "ಇದನ್ನ ತೆಗೆದ ದಿನಾನೇ ಎರಡು ಸತ್ತೋದ್ವು. ಎಲೆ ಅಡ್ಡ ಬತ್ತೈತೆ ಅಂತ ಕೊಂಬೆ ಕಡಿದ್ರು. ಒಂದು ಬಿಸಿಲಿಗೆ ಬೆಂದೋಯ್ತು, ಒಂದು ಕಾಗೆ ಪಾಲಾಯ್ತು. ನಾನು ಬ್ಯಾಡ ಅಂದಿದ್ದೆ. ನಾನು ಊರಾಗಿಲ್ಲದಾಗ ಬಂದು, ವಯಸ್ಸಾದ ನಮ್ಮತ್ತೇನ ಒಳಗಿಟ್ಟು ಚಿಲಕ ಹಾಕಿ, ಇದನ್ನ ತೆಗೆದವ್ರೆ. ಇದಕ್ಕೆ ತಾಯಿ ಪ್ರೀತಿ ಅಂತ ಹೆಸರು."

ಇನ್ನೂ ಹೇಳುವುದಿತ್ತು. ಮೈಕಿನ ಸದ್ದು ನಿಂತಿತು. ಡ್ರಿಲ್ ಮಾಸ್ತರು ತಂತಿ ಕಿತ್ತಿದ್ದರು. ಆತ ನಗುತ್ತಲೇ, ಮೇಡಂ ಮನಸ್ಸು ಬಹಳ ಮೃದು, ಪ್ರಕೃತಿಯಲ್ಲಿ ಇವೆಲ್ಲ ಸಹಜ ಎಂದ. ಕೆಲವರು ಚಪ್ಪಾಳೆ ತಟ್ಟಿದರು. ನನಗಲ್ಲ, ಆತನಿಗೆ. ಹೊರಗೆ ಬರುವಾಗ ಹೆಂಗಸೊಬ್ಬಳು, ಹಕ್ಕಿಗಾಗಿ ಇಷ್ಟು ದೊಡ್ಡವರ ಮರ್ಯಾದೆ ತೆಗೆಯಬಾರದಿತ್ತು ಎಂದಳು. ಕೊಂಬೆ ಕಡಿದದ್ದು ಸಹಜವಾ ಎಂದು ಆಕೆಯನ್ನು ಕೇಳಿದೆ. ಆಕೆ ಮಗಳ ಕೈಹಿಡಿದು ಬೇಗ ಬೇಗ ಹೋದಳು. ಆ ಫೋಟೋ ಇದ್ದಲ್ಲೇ ಇತ್ತು.

ಗಂಡ ನನ್ನನ್ನು ಬೈಕಿನಲ್ಲಿ ಮನೆಗೆ ಬಿಟ್ಟು ನೇರ ಅಂಗಡಿಗೆ ಹೋದರು. ಮರುದಿನ, ಬಾಕಿ ಇದ್ದ ಯೂನಿಫಾರಂ ಬಟ್ಟೆಯನ್ನು ಸದ್ಯಕ್ಕೆ ಕಳಿಸಬೇಡಿರೆಂದು ಶಾಲೆಯಿಂದ ಫೋನು ಬಂತು. ನಾನು ಬಂದು ಕ್ಷಮೆ ಕೇಳಿದರೆ ಎಲ್ಲ ಮೊದಲಿನಂತೆ ಎಂದೂ ಹೇಳಿಸಿದ್ದ. ನಾನು ಹೋಗುವುದಿಲ್ಲ ಎಂದೆ. ಹಾಗಾದರೆ ನಿನ್ನ ಬದಲು ನಾನೇ ಕೇಳುತ್ತೇನೆ ಎಂದು ಇವರು ಸ್ಯಾಂಪಲ್ ಬಟ್ಟೆಗಳ ಗಂಟು ಕಟ್ಟಿಕೊಂಡು ಹೊರಟರು. ಅತ್ತೆ ಜಗುಲಿಯಲ್ಲಿ ಕೂತು ನೋಡಿದರು.

ಬೇಗನೆ ಹಿಂದಿರುಗಿದರು. ಗಂಟು ಕೈಯಲ್ಲೇ ಇತ್ತು. ಮುಖ ಸುಟ್ಟ ಹಾಗಿತ್ತು. ಏನಾಯಿತೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಇವರು ಕ್ಷಮೆ ಕೇಳುವ ಮೊದಲೇ ಆತ ದೊಡ್ಡ ಮನಸ್ಸು ತೋರಿಸಿ, ಆದದ್ದಾಯಿತು, ಬನ್ನಿ, ಕ್ಯಾಲೆಂಡರಿಗೆ ಯಾವ ಫೋಟೋ ಹಾಕಲಿ ನೀವೇ ಹೇಳಿ ಎಂದು ಕಂಪ್ಯೂಟರಿನ ಮುಂದೆ ಕೂರಿಸಿದನಂತೆ. ಆ ದಿನ ತೆಗೆದವೆಲ್ಲ ಒಂದೊಂದಾಗಿ ಬಂದವು. ನಡುವೆ ಗೂಡೇ ಇಲ್ಲದ ಒಂದು ಫೋಟೋ. ಮೂರು ಮರಿಗಳು ಸಾಲಾಗಿ ಕೂತಿವೆ. ಕೂತದ್ದಲ್ಲ, ಕೂರಿಸಿದ್ದು. ಕೆಳಗೆ ಮೂಲೆ ಒಡೆದ ಕರಿಕಲ್ಲು.

"ಒಗಿಯೋ ಕಲ್ಲಿನ ಮ್ಯಾಲ ಇಟ್ಟಾನ," ಎಂದರು. "ಗೂಡಿಂದ ತಗದು. ಆ ಬಿಸಿಲಾಗ ಆ ಕಲ್ಲು ಹೆಂಗ ಕಾಯ್ತೈತಿ ನಿನಗ ಗೊತ್ತಲ್ಲ. ಇದು ನಮ್ಮ ಕಲ್ಲಲ್ಲೇನ್ರಿ ಅಂತ ಕೇಳಿದೆ. ಹೌದು, ಲೈಟು ಅಲ್ಲಿ ಚಲೋ ಇತ್ತು ಅಂದ."

ಅದನ್ನು ಯಾರೂ ಬಂದು ತಡೆಯಬಾರದೆಂದೇ ಚಿಲಕ ಹಾಕಿದ್ದ. ಇಷ್ಟು ದಿನ ಸಾರು, ಅವರು ಎನ್ನುತ್ತಿದ್ದ ಬಾಯಲ್ಲಿ ಏಕವಚನ ಬಂದದ್ದನ್ನು ನಾನು ಗಮನಿಸಿದೆ. ಅದಕ್ಕೆ ಅಷ್ಟು ದಿನ ಬೇಕಾಯಿತು. ಕ್ಷಮೆ ಕೇಳಿದಿರಾ ಎಂದೆ. ಇಲ್ಲ, ಎದ್ದು ಬಂದೆ ಎಂದರು. ಆಮೇಲೆ ಜಗುಲಿಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತು, ಚಿಲಕ ಗಾಳಿಗೆ ಬಿದ್ದದ್ದಲ್ಲ ಎಂದರು. ಅತ್ತೆ ಅವರ ಕಡೆ ತಿರುಗದೆ, "ನಾ ಅವತ್ತೇ ಹೇಳಿದ್ನೆಪಾ," ಎಂದರು. ಅಷ್ಟಕ್ಕೇ ಬಿಟ್ಟರು. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಆರ್ಡರು ಬೇರೆ ಅಂಗಡಿಗೆ ಹೋಯಿತು. ಆ ವರ್ಷ ನಮಗೆ ಬಿಗಿಯಾಯಿತು. ಇಂದಿಗೂ ಆ ಶಾಲೆಯ ಆರ್ಡರು ನಮಗಿಲ್ಲ. ಆತನಿಗೆ ಏನೂ ಆಗಲಿಲ್ಲ. ಎಲ್ಲೋ ಒಂದು ಸ್ಪರ್ಧೆಯಲ್ಲಿ ಆ ಫೋಟೋಗೆ ಬಹುಮಾನವೂ ಬಂತೆಂದು ಕೇಳಿದೆ. ಮುಂದಿನ ವರ್ಷ ಪಿಗಿಲಿ ನಮ್ಮ ನಿಂಬೆಗಿಡಕ್ಕೆ ಬರಲಿಲ್ಲ. ಪಕ್ಕದ ಮನೆಯ ಕಾಗದದ ಹೂವಿನ ಪೊದೆಯಲ್ಲಿ ಗೂಡು ಮಾಡಿತು. ಅದೇ ಜೋಡಿಯೋ ಬೇರೆಯೋ ನನಗೆ ಗೊತ್ತಿಲ್ಲ. ಪಕ್ಕದ ಮನೆಯವರಿಗೆ, ಯಾರಿಗೂ ಹೇಳಬೇಡಿ ಎಂದು ಮೊದಲೇ ಹೇಳಿಬಂದೆ. ನನ್ನ ಗಂಡನೂ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಹಕ್ಕಿ ಮರಿ ಮಾಡಿದ ಸುದ್ದಿಯನ್ನು ಕಳ್ಳಮಾಲಿನ ಹಾಗೆ ಮುಚ್ಚಿಡಬೇಕಾದ ಗತಿ ನಮಗೆ ಬಂದದ್ದು ಪಕ್ಷಿಪ್ರೇಮಿಗಳಿಂದ.

ಕ್ಯಾಲೆಂಡರು ಮಾತ್ರ ಊರೆಲ್ಲ ಹಂಚಿದರು. ಬಜಾರಿನ ಕಿರಾಣಿ ಅಂಗಡಿಗಳಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮೆಡಿಕಲ್ ಸ್ಟೋರಿನಲ್ಲಿ ಆ ಮೂರು ಬಾಯಿಗಳು ನೇತಾಡುತ್ತಿದ್ದವು. ಕಂಡಲ್ಲೆಲ್ಲ ನಾನು ನಡೆದದ್ದನ್ನು ಹೇಳಿದೆ. ಕೆಲವರು ಕೇಳಿದರು, ಕೆಲವರು ಚಿಲ್ಲರೆ ಎಣಿಸಿದರು. ಒಬ್ಬ ಕಿರಾಣಿಯವ, ಸಕ್ಕರೆ ಕಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡು, ಗೋಡೆಯ ಕಡೆ ತಿರುಗಿ ನೋಡಿ, "ಏನೇ ಅನ್ರಿ ಟೀಚರಮ್ಮ, ಫೋಟೋ ಮಾತ್ರ ಚಲೋ ಬಂದೈತ್ರಿ," ಎಂದ. ಸಕ್ಕರೆಯನ್ನು ಅಲ್ಲೇ ಬಿಟ್ಟು ಮುಂದಿನ ಅಂಗಡಿಗೆ ಹೋದೆ.